ಹೆದರ್ಬೇಡಿ, ನಾನುಂಟು!

ಬೆಳ್ತಂಗಡಿ ತಾಲೂಕಿನ ಸಮಸ್ತ ನಾಗರಿಕರಿಗೆ ಅತೀವ ದುಃಖದಿಂದ ತಿಳಿಯಪಡಿಸುವುದೇನೆಂದರೆ, ಬಸ್ ಸ್ಟ್ಯಾಂಡ್ ಹತ್ತಿರದ ‘ಸಿಡಿಲಮರಿ ಡಿಫೆನ್ಸ್ ಅಕಾಡೆಮಿ’ಯ ಕಾಲಿಂಗ್ ಬೆಲ್ ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ, ಅಲ್ಪಕಾಲದ ಅಸೌಖ್ಯದಿಂದ ನಿಧನ ಹೊಂದಿತು. ಮೃತರು ಒಂದು ಸ್ವಿಚ್ ಹಾಗೂ ಎರಡು ವಯರುಗಳನ್ನು ಅಗಲಿದ್ದಾರೆ.

ನಗಬೇಡಿ. ಆ ಬೆಲ್ ಬದುಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ!

ಬೆಲ್ ಆಯಿತೆಂದರೆ ಮಾಲೀಕ ಕ್ಯಾಪ್ಟನ್ ಕುಶಾಲಪ್ಪ ತಲೆಗೆ ಮಿಲಿಟರಿ ಟೋಪಿ ಏರಿಸಬೇಕು, ಫೋನ್ ಮೇಜಿನ ಸುರಕ್ಷಾ ಮಾತು ನಿಲ್ಲಿಸಿ ಎದ್ದು ನಿಲ್ಲಬೇಕು. ಅದು ಅಲ್ಲಿಯ ಶಿಸ್ತು. ಕುಶಾಲಪ್ಪ ಕ್ಯಾಪ್ಟನ್ ಆದದ್ದು ಸೇನೆಯಲ್ಲಲ್ಲ, ಕಾಲೇಜಿನ ವಾಲಿಬಾಲ್ ತಂಡದಲ್ಲಿ. ಬಂದದ್ದನ್ನೆಲ್ಲ ಬಲೆಯ ಆಚೆಗೆ ದಾಟಿಸುವ ಕಲೆ ಮಾತ್ರ ಅವನ ಕೈಬಿಟ್ಟಿರಲಿಲ್ಲ. ಸೇನೆಗೆ ಭರ್ತಿ ಮಾಡಿಸುವುದು ಅವನ ಕೆಲಸವೆಂದು ಬೋರ್ಡಿನಲ್ಲಿತ್ತು. ಒಳಗೆ ನಡೆಯುತ್ತಿದ್ದದ್ದು ಭರವಸೆಯ ಭರ್ತಿ.

ಆ ಭರವಸೆಗೆ ಒಂದು ಧ್ವನಿ ಬೇಕಿತ್ತಲ್ಲ? ಅದು ಶಿರ್ತಾಡಿಯ ಸುರಕ್ಷಾಳದ್ದು. ಐದು ವರ್ಷದಿಂದ ಅವಳೇ ಫೋನ್ ಮೇಜಿನಲ್ಲಿ ಕುಳಿತವಳು. ಜೇನಿನಂಥ ಧ್ವನಿ ಅಂತ ಎಲ್ಲರೂ ಹೇಳುತ್ತಿದ್ದರು. ಜೇನಿಗೆ ಅಂಟುವ ಗುಣವೂ ಉಂಟು ಎಂಬುದನ್ನು ಯಾರೂ ಹೇಳುತ್ತಿರಲಿಲ್ಲ.

ಆ ಬೆಳಿಗ್ಗೆ ಆಚೆ ತುದಿಯಲ್ಲಿದ್ದದ್ದು ಬಂಟ್ವಾಳದ ಬೀಯಮ್ಮ.

“ನಾಲ್ಕು ವರ್ಷ ಆದ್ಮೇಲೆ ಖಾಯಂ ಆಗ್ತದಾ ಮೋಳೇ, ಹೇಳು ಮಗಳೇ? ನನ್ನ ಮೊಮ್ಮಗ ನಿಝಾರ್‌ಗೆ ಗಲ್ಫ್‌ಗೆ ಹೋಗು ಅಂದ್ರೆ ಕೇಳೋದಿಲ್ಲ. ಅಗ್ನಿವೀರ ಆಗ್ತೇನೆ ಅಂತ ಕುಣಿತಾ ಇದ್ದಾನೆ.”

“ಎಲ್ಲರಿಗೂ ಖಾಯಂ ಅಜ್ಜಿ. ಕ್ವಾರ್ಟರ್ಸ್ ಉಂಟು, ಕ್ಯಾಂಟೀನ್ ಉಂಟು, ಪೆನ್ಷನ್…”

“…ಪೆನ್ಷನ್ ಉಂಟು. ನೀವು ಹೆದರ್ಬೇಡಿ, ನಾನುಂಟು.”

ವಾಕ್ಯ ಮುಗಿಸಿದ್ದು ಅವಳಲ್ಲ!

ಬೆನ್ನ ಹಿಂದಿನಿಂದ ಬಂದ ಗಂಡು ಧ್ವನಿ. ಸುರಕ್ಷಾ ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಒಬ್ಬ ನಿಂತಿದ್ದ. ಮುಖವೆಲ್ಲ ಬಿಸಿಲಿಗೆ ಕಪ್ಪಾಗಿ, ಟೋಪಿ ಕೂರುವ ಜಾಗದಲ್ಲಿ ಹಣೆ ಮಾತ್ರ ಬೆಳ್ಳಗಿತ್ತು. ಹೆಗಲಲ್ಲಿ ಒಂದು ಹಸಿರು ಚೀಲ.

“ಅಜ್ಜಿ, ಆಮೇಲೆ ಮಾಡ್ತೇನೆ…” ಎಂದು ಫೋನ್ ಇಟ್ಟಳು.

“ನೀವು… ಯಾರು?”

“ಬೆಳುವಾಯಿಯ ಶೋಧನ್. ನಿಮ್ಮಲ್ಲಿಂದ ಹೋದ ಮೊದಲನೇ ಅಗ್ನಿವೀರ ಬ್ಯಾಚ್. ಇವತ್ತು ಹೇಳಿದ್ರಲ್ಲಾ, ಅದನ್ನೇ ನಾಲ್ಕೂವರೆ ವರ್ಷದ ಹಿಂದೆ ನನಗೆ ಹೇಳಿದ್ರಿ. ಒಂದಕ್ಷರ ಬದಲಾಗ್ಲಿಲ್ಲ ಮಾರಾಯ್ರೆ!”

ಶೋಧನ್! ಹೆಸರು ಕೇಳಿದ್ದೇ ಸುರಕ್ಷಾಳಿಗೆ ನೆನಪಾಯಿತು. ಸೇರುವವರಿಗೆ ಮದುವೆಯಾಗಿರಬಾರದು, ಅದಕ್ಕೆ ಪಂಚಾಯತಿನಿಂದ ಅವಿವಾಹಿತ ಪ್ರಮಾಣಪತ್ರ ತರಬೇಕು. ಅವನ ಅರ್ಜಿಯನ್ನು ಫೋನಿನಲ್ಲೇ ಕೇಳಿ ತುಂಬಿದವಳು ಅವಳು. ‘ಮದುವೆ ಆಗಿದೆಯಾ?’ ಎಂದು ಕೇಳಿದ್ದಕ್ಕೆ, ‘ಹದಿನೆಂಟು ವರ್ಷಕ್ಕೆ ಯಾರು ಕೊಡ್ತಾರೆ ಹೆಣ್ಣು? ನೀವು ಕೊಡಿಸ್ತೀರಾ?’ ಎಂದಿದ್ದ. ಇಡೀ ದಿನ ನಕ್ಕಿದ್ದಳು ಅವಳು.

ಈಗ ನಗು ಬರಲಿಲ್ಲ.

“ಟ್ರೈನಿಂಗ್ ಸೇರಿ ಎರಡೇ ತಿಂಗಳಿಗೆ ಗೊತ್ತಾಯ್ತು, ನಾಲ್ವರಲ್ಲಿ ಒಬ್ಬನನ್ನು ಮಾತ್ರ ಇಟ್ಟುಕೊಳ್ತಾರೆ ಅಂತ. ನಾನು ನಾಲ್ಕು ವರ್ಷ ಪೂರ್ತಿ ಕೆಲಸ ಮಾಡಿದೆ. ಅದರಲ್ಲಿ ಬೇಸರ ಇಲ್ಲ. ಈಗ ಮನೆಗೆ ಬಂದಿದ್ದೇನೆ. ಖಾಯಂ ಪಟ್ಟಿ ಇನ್ನೂ ಬರ್ಲಿಲ್ಲ.”

“ಹಾಗಾದ್ರೆ… ಜಗಳಕ್ಕೆ ಬಂದದ್ದಾ?”

“ಅಲ್ಲ.” ಅವನು ಅವಳನ್ನೇ ನೋಡಿದ. “ಅಲ್ಲಿ ಚಳಿಗೆ ಬೆರಳು ಮರಗಟ್ಟುವಾಗ ನಿಮ್ಮ ಒಂದು ವಾಯ್ಸ್ ಮೆಸೇಜ್ ಕೇಳ್ತಿದ್ದೆ. ಸುಳ್ಳು ಅಂತ ಗೊತ್ತಾದ ಮೇಲೂ ಕೇಳ್ತಿದ್ದೆ. ‘ನಾನುಂಟು’ ಅನ್ನೋದು ಮಾತ್ರ ಸತ್ಯ ಇರಬಹುದು ಅಂತ. ಆ ಧ್ವನಿಗೆ ಯಾವ ಮುಖ ಅಂತ ನೋಡ್ಲಿಕ್ಕೆ ಬಂದೆ.”

ಸುರಕ್ಷಾ ಕಣ್ಣಂಚು ಒರೆಸಿಕೊಂಡಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು!

“ಒಂದೇ ಪ್ರಶ್ನೆ. ನಿಮಗೆ ಗೊತ್ತಿತ್ತಾ?”

ಸುಳ್ಳು ಹೇಳಬಹುದಿತ್ತು. ಐದು ವರ್ಷದ ಅಭ್ಯಾಸವಿತ್ತು.

“ಮೊದ್ಲು ಗೊತ್ತಿರ್ಲಿಲ್ಲ. ಸರ್ ಕೊಟ್ಟ ಚೀಟಿ ನೋಡಿ ಹೇಳ್ತಿದ್ದೆ. ಆಮೇಲೆ… ಸಂಶಯ ಇತ್ತು. ಓದಿದ್ರೆ ಗೊತ್ತಾಗ್ತದೆ ಅಂತಲೇ ಓದ್ಲಿಲ್ಲ.”

ಅಷ್ಟರಲ್ಲಿ ಒಳಗಿನಿಂದ ಕುಶಾಲಪ್ಪ ಹೊರಬಂದ. ಬೆಲ್ ಆಗದ್ದರಿಂದ ಟೋಪಿ ಇರಲಿಲ್ಲ, ಬೋಳು ಇತ್ತು.

“ಓಹೋ, ನಮ್ಮ ಹುಲಿ!” ಎಂದು ಶೋಧನ್‌ನನ್ನು ತಬ್ಬಿದ, ತಬ್ಬಿಕೊಂಡೇ ಒಂದು ಫೋಟೋ ಹೊಡೆದ. “ಪಟ್ಟಿ ವಿಷಯ ತಲೆಬಿಸಿ ಮಾಡ್ಬೇಡ, ಮೇಲೆ ಮಾತಾಡುವ!”

“ನೀವು ಮಾತಾಡಿದ್ದು ಸಾಕು ಸರ್,” ಎಂದು ಶೋಧನ್ ಮೆಟ್ಟಿಲಿಳಿದ.

ಮರುದಿನದಿಂದ ಶಿರ್ತಾಡಿ ಬಸ್ಸಿನಲ್ಲಿ ಹೋಗುವಾಗ ಬರುವಾಗ ಸುರಕ್ಷಾ ಒಂದೇ ಕೆಲಸ ಮಾಡಿದಳು. ಸೇನೆಯ ಪ್ರಕಟಣೆಯನ್ನು ಮೊಬೈಲಿಗೆ ಇಳಿಸಿಕೊಂಡು, ತಿಳಿಯದ ಪದಕ್ಕೆ ಅರ್ಥ ಹುಡುಕುತ್ತ, ಸಾಲು ಸಾಲಾಗಿ ಓದಿದಳು. ಸೇನೆ ಏನನ್ನೂ ಮುಚ್ಚಿಟ್ಟಿರಲಿಲ್ಲ! ನಾಲ್ಕು ವರ್ಷ, ಕಾಲು ಭಾಗದಷ್ಟು ಜನರಿಗೆ ಮಾತ್ರ ಮುಂದುವರಿಕೆ, ಉಳಿದವರಿಗೆ ಪೆನ್ಷನ್ ಇಲ್ಲ… ಎಲ್ಲ ಸ್ಪಷ್ಟವಾಗಿತ್ತು. ಮುಚ್ಚಿಟ್ಟದ್ದು ಒಂದು ಜೇನುದನಿ.

‘ಛೀ, ಸುರಕ್ಷಾ! ಹೆಸರು ಸುರಕ್ಷಾ, ಕೆಲಸ ಮಾತ್ರ…’ ತನ್ನನ್ನೇ ಬೈದುಕೊಂಡಳು.

ಬರುವ ಭಾನುವಾರ ಮೂಡುಬಿದಿರೆಯ ಹಾಲ್‌ನಲ್ಲಿ ಅಕಾಡೆಮಿಯ ಪಾಲಕರ ಸಭೆ. ಸ್ವಾಗತ ಭಾಷಣ ಅವಳದ್ದೇ. ಅಲ್ಲಿಯೇ ಎಲ್ಲ ಹೇಳುವುದು ಎಂದು ನಿಶ್ಚಯಿಸಿದಳು. ನೌಕರಿ ಹೋಗುತ್ತದೆಯೇ? ಹೋಗಲಿ!

ಆದರೆ ಶನಿವಾರ ಸಂಜೆ ಶೋಧನ್‌ನ ಫೋನ್ ಬಂತು.

“ಮೂಡುಬಿದಿರೆ ಪೇಟೆಯಲ್ಲಿ ನಿಂತಿದ್ದೇನೆ. ನನ್ನೆದುರು ನಾನೇ ಇದ್ದೇನೆ, ಹತ್ತಡಿ ಎತ್ತರಕ್ಕೆ! ‘ನಮ್ಮ ಹೆಮ್ಮೆ, ಖಾಯಂ ಯೋಧ ಶೋಧನ್’ ಅಂತೆ. ನಿಮ್ಮ ಮಾತು ಸಾಲದು ಅಂತ ಈಗ ನನ್ನ ಮುಖಕ್ಕೂ ಸುಳ್ಳು ಹೇಳ್ಲಿಕ್ಕೆ ಕಲಿಸಿದ್ರಾ?”

“ಶೋಧನ್, ನನಗೆ ಆ ಫ್ಲೆಕ್ಸ್ ವಿಷಯವೇ…”

“ಅಕಾಡೆಮಿಯ ಫ್ಲೆಕ್ಸ್ ಎಲ್ಲ ನೀವೇ ಮಾಡಿಸೋದು ಅಂತ ಈಗಷ್ಟೇ ಫೋನ್‌ನಲ್ಲಿ ನಿಮ್ಮ ಸರ್ ಹೇಳಿದ್ರು. ಅವತ್ತು ನಿಮ್ಮ ಕಣ್ಣಲ್ಲಿ ನೀರು ಕಂಡು ನಂಬಿದ್ದೆ. ಎರಡನೇ ಸಲ ಮೋಸ ಹೋದೆ!”

ಫೋನ್ ಕಟ್ಟಾಯಿತು. ಮತ್ತೆ ಮತ್ತೆ ಮಾಡಿದಳು. ಅವನು ತೆಗೆಯಲಿಲ್ಲ.

ಎಷ್ಟೋ ಜನ ಅವಳ ಸುಳ್ಳನ್ನು ನಂಬಿದ್ದರು. ಈಗ ಅವಳ ಸತ್ಯವನ್ನು ನಂಬಲು ಒಬ್ಬನೂ ಇಲ್ಲ!

ಅತ್ತಳು… ಆಮೇಲೆ ಮುಖ ತೊಳೆದುಕೊಂಡಳು. ‘ಅವನು ನಂಬಲಿ, ಬಿಡಲಿ. ನಾಳೆ ಹೇಳಿಯೇ ಸಿದ್ಧ.’

ಭಾನುವಾರ ಹಾಲ್ ತುಂಬಿತ್ತು. ಮೊದಲ ಸಾಲಿನಲ್ಲಿ ಬೀಯಮ್ಮ, ಪಕ್ಕದಲ್ಲಿ ಮೊಮ್ಮಗ ನಿಝಾರ್. ಇಸ್ತ್ರಿ ಹಾಕಿದ ಟೋಪಿಯಲ್ಲಿ ಕುಶಾಲಪ್ಪ. ಸುರಕ್ಷಾ ಮೈಕ್ ಹಿಡಿದಳು.

“ನಿಮ್ಮೆಲ್ಲರ ಜೊತೆ ಫೋನ್‌ನಲ್ಲಿ ಮಾತಾಡಿದವಳು ನಾನೇ. ಎಲ್ಲರಿಗೂ ಖಾಯಂ ಅಂದೆ. ಅದು ಸುಳ್ಳು.”

ಕುಶಾಲಪ್ಪ ಕುರ್ಚಿಯಿಂದ ಎದ್ದ.

“ನಾಲ್ವರು ಹೋದ್ರೆ ಮೂವರು ವಾಪಸ್ ಬರ್ತಾರೆ. ಪೆನ್ಷನ್ ಇಲ್ಲ. ಫ್ಯಾಮಿಲಿ ಕ್ವಾರ್ಟರ್ಸ್ ಇಲ್ಲ. ನಾನು ಸೇರ್ಬೇಡಿ ಅಂತ ಹೇಳೋದಿಲ್ಲ. ಗೊತ್ತಿದ್ದು ಸೇರಿ. ಅಷ್ಟೇ…”

ಮೈಕ್ ಸತ್ತಿತು. ಕುಶಾಲಪ್ಪ ವಯರು ಕಿತ್ತಿದ್ದ. ಆ ಸಂಸ್ಥೆಯಲ್ಲಿ ವಯರುಗಳಿಗೆ ಆಯುಷ್ಯ ಕಡಿಮೆ.

“ಈ ಹುಡುಗಿಗೆ ತಲೆ ಸರಿ ಇಲ್ಲ! ನಮ್ಮ ಖಾಯಂ ಯೋಧನ ಫ್ಲೆಕ್ಸ್ ಹೊರಗೆ ನೋಡಿದ್ರಲ್ಲಾ…”

“ಹೊರಗಿಲ್ಲ ಸರ್, ಇಲ್ಲುಂಟು!”

ಹಿಂದಿನ ಬಾಗಿಲಿನಿಂದ ಶೋಧನ್ ಬರುತ್ತಿದ್ದ. ಕಂಕುಳಲ್ಲಿ ಸುತ್ತಿದ ಫ್ಲೆಕ್ಸ್. ತನ್ನನ್ನು ತಾನೇ ಕಿತ್ತು ತಂದಿದ್ದ! ವೇದಿಕೆ ಹತ್ತಿ ಸುರಕ್ಷಾಳ ಪಕ್ಕದಲ್ಲಿ ನಿಂತ.

“ಫ್ಲೆಕ್ಸಲ್ಲಿದ್ದವ ನಾನು. ಖಾಯಂ ಆಗ್ಲಿಲ್ಲ, ಪಟ್ಟಿಯೇ ಬರ್ಲಿಲ್ಲ. ಇವರು ಹೇಳಿದ್ದೆಲ್ಲ ಸತ್ಯ.” ಆಮೇಲೆ ಅವಳಿಗೆ ಮಾತ್ರ ಕೇಳುವಂತೆ, “ಹರಿದು ಹಾಕ್ಲಿಕ್ಕೆ ಬಂದೆ. ಹೊರಗೆ ನಿಮ್ಮ ಮಾತು ಕೇಳಿತು. ನಿನ್ನೆ ಹೇಳಿದ್ದಕ್ಕೆ… ಕ್ಷಮಿಸಿ.”

ಬೀಯಮ್ಮ ಎದ್ದು ನಿಂತರು. “ಅಲ್ಲ ಕ್ಯಾಪ್ಟನ್ರೇ, ನೀವು ಯಾವ ಯುದ್ಧದಲ್ಲಿ ಇದ್ದದ್ದು?”

ಕುಶಾಲಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ಹಿಂಬಾಗಿಲಿನಿಂದ ಹೋದದ್ದನ್ನು ಕಂಡವರುಂಟು.

“ನಾನು ಹೋಗಿಯೇ ಹೋಗ್ತೇನೆ ಉಮ್ಮಾಮ,” ಎಂದ ನಿಝಾರ್.

“ಹೋಗು. ಗೊತ್ತಿದ್ದು ಹೋಗು. ಆದ್ರೆ ಡಿಗ್ರಿ ಪರೀಕ್ಷೆ ಮುಗಿಸಿ ಹೋಗು,” ಎಂದರು ಬೀಯಮ್ಮ.

ಸುರಕ್ಷಾಳ ಕೆಲಸ ಹೋಯಿತು. ಆದರೆ ಹಟ ಹೋಗಲಿಲ್ಲ. ಮೂಡುಬಿದಿರೆಯ ಬಸ್ ಸ್ಟ್ಯಾಂಡ್ ಎದುರು ಡೊಂಬಯ್ಯಣ್ಣನ ಝೆರಾಕ್ಸ್ ಅಂಗಡಿಯಲ್ಲಿ ಒಂದು ಮೇಜು ಸಿಕ್ಕಿತು. ಮೇಲೊಂದು ಬೋರ್ಡು: ‘ಅರ್ಜಿ ತುಂಬಿ ಕೊಡಲಾಗುವುದು. ಷರತ್ತು ಓದಿ ಹೇಳಲಾಗುವುದು.’

ಹಳೆಯ ಫೋನ್ ಪಟ್ಟಿ ನೆನಪು ಮಾಡಿಕೊಂಡು, ಹಿಂದೆ ಸುಳ್ಳು ಹೇಳಿದ ಮನೆಗಳಿಗೆಲ್ಲ ಫೋನ್ ಮಾಡಿ ಸತ್ಯ ಹೇಳತೊಡಗಿದಳು. ಕೆಲವರು ಬೈದರು. ಬೈಸಿಕೊಂಡಳು. ದಿನಾ ಸಂಜೆ ಬೆಳುವಾಯಿಯಿಂದ ಬೈಕಿನಲ್ಲಿ ಬರುತ್ತಿದ್ದ ಶೋಧನ್ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದ. ಅರ್ಧ ಫೋನ್ ಅವನು ಮಾಡುತ್ತಿದ್ದ, ಬೈಗುಳದಲ್ಲೂ ಅರ್ಧ ಅವನದ್ದು. ‘ನೀವು’ ಯಾವಾಗ ‘ನೀನು’ ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಒಂದು ಸಂಜೆ ಅವನು ಕೇಳಿಯೇ ಬಿಟ್ಟ.

“ಅವತ್ತು ಫೋನ್‌ನಲ್ಲಿ ಕೇಳಿದ್ದೆ, ನೆನಪುಂಟಾ? ನನಗೆ ಹೆಣ್ಣು ಕೊಡಿಸ್ತೀಯಾ ಅಂತ.”

“ಉಂಟು.”

“ಉತ್ತರ ಕೊಡ್ಲೇ ಇಲ್ಲ ನೀನು!”

“ಈಗ ಕೊಡ್ತೇನೆ…” ತಲೆ ತಗ್ಗಿಸಿದಳು. “ಹುಡುಗಿ ಶಿರ್ತಾಡಿಯವಳು. ಸ್ವಲ್ಪ ಸುಳ್ಳಿ. ಈಗ ರಿಪೇರಿ ಆಗಿದೆ.”

ಮುಂದೆಲ್ಲ ಭರದಿಂದ ಸಾಗಿತು! ಅವನ ಅಮ್ಮ ಶಶಿಪ್ರಭಾ ಶಿರ್ತಾಡಿಗೆ ಹೋಗಿ ಮಾತಾಡಿ ಬಂದರು. ಮುಂದಿನ ತಿಂಗಳ ಹನ್ನೆರಡಕ್ಕೆ ಮುಹೂರ್ತ, ಹಾಲ್ ಬುಕ್ಕು, ಬಡಿಸುವವರು ಬುಕ್ಕು. ಡೊಂಬಯ್ಯಣ್ಣನ ಕಂಪ್ಯೂಟರಿನಲ್ಲಿ ಆಮಂತ್ರಣ ಪತ್ರಿಕೆಯೂ ತಯಾರಾಯಿತು. ಪ್ರಿಂಟ್ ಒತ್ತುವುದೊಂದೇ ಬಾಕಿ.

ಆಗ ಬಂತು ಬೀಯಮ್ಮನ ಫೋನ್.

“ಮೋಳೇ, ಒಂದು ಕೇಳ್ಲಿಕ್ಕೆ ಉಂಟು. ನಿಝಾರ್ ನಾಲ್ಕು ವರ್ಷ ಮುಗಿಸಿ ಬಂದ ಕೂಡ್ಲೇ ಮದುವೆ ಮಾಡ್ಬಹುದಲ್ಲ?”

“ಮಾಡ್ಬಹುದು ಅಜ್…” ಬಾಯಿಗೆ ಬಂದದ್ದನ್ನು ಸುರಕ್ಷಾ ತಡೆದಳು. ಹಳೆಯ ಅಭ್ಯಾಸ! “ಒಂದು ನಿಮಿಷ ಅಜ್ಜಿ. ಓದಿ ಹೇಳ್ತೇನೆ.”

ಹುಡುಕಿದಳು. ಪ್ರಕಟಣೆಯ ನಂತರ ಸೇನೆ ಹೊರಡಿಸಿದ ಒಂದು ಸ್ಪಷ್ಟೀಕರಣ ಸಿಕ್ಕಿತು. ಓದಿದಳು. ಇನ್ನೊಮ್ಮೆ ಓದಿದಳು.

“ಇಲ್ಲ ಅಜ್ಜಿ. ನಾಲ್ಕು ವರ್ಷ ಮುಗಿದ್ರೂ, ಖಾಯಂ ಪಟ್ಟಿ ಬರುವವರೆಗೆ ಮದುವೆ ಆಗುವಂತಿಲ್ಲ. ಮದುವೆ ಆದವ… ಪಟ್ಟಿಯಿಂದ ಹೊರಗೆ.”

ಫೋನ್ ಇಟ್ಟು ನಿಧಾನಕ್ಕೆ ತಲೆಯೆತ್ತಿದಳು. ಶೋಧನ್‌ನ ಬೆರಳು ಪ್ರಿಂಟ್ ಗುಂಡಿಯ ಮೇಲಿತ್ತು.

“ಒತ್ಬೇಡ!”

“ಯಾಕೆ? ಹೆಸರು ತಪ್ಪುಂಟಾ?”

“ತಾರೀಕು ತಪ್ಪುಂಟು.” ಮೊಬೈಲ್ ಅವನತ್ತ ತಿರುಗಿಸಿದಳು.

ಅವನು ಓದಿದ. “ನಾಲ್ಕು ವರ್ಷ ಮುಗಿದ್ರೆ ಮುಗಿಯಿತು ಅಂತ ಅಂದ್ಕೊಂಡಿದ್ದೆ…” ಎಂದು ಮೆಲ್ಲನೆ ಅಂದ. ಮತ್ತೆ ತಟ್ಟನೆ, “ಹೋಗ್ಲಿ! ಪಟ್ಟಿ ಬೇಡ. ನಾಲ್ವರಲ್ಲಿ ಒಬ್ಬ ನಾನೇ ಅಂತ ಏನು ಗ್ಯಾರಂಟಿ? ಮದುವೆ ಆಗುವ.”

“ಆಗೋದಿಲ್ಲ.”

“ಸುರಕ್ಷಾ!”

“ನಾಲ್ಕು ವರ್ಷ ಚಳಿಯಲ್ಲಿ ನಿಂತದ್ದು ಆ ಪಟ್ಟಿಗೆ. ನಿನ್ನನ್ನು ಒಂದು ಸಲ ಸುಳ್ಳು ಹೇಳಿ ಕೆಡಿಸಿದೆ. ಇನ್ನೊಂದು ಸಲ ಮದುವೆಯಾಗಿ ಕೆಡಿಸೋದಿಲ್ಲ. ಹೆಸರು ಬರ್ಲಿ, ಬಾರದಿರ್ಲಿ. ಅದು ಅವರು ಹೇಳ್ಬೇಕು, ನಾವಲ್ಲ.”

ಆ ಧ್ವನಿಯಲ್ಲಿ ಈಗ ಜೇನಿರಲಿಲ್ಲ. ಉಕ್ಕಿತ್ತು. ಶೋಧನ್ ಸೋತು ನಕ್ಕ.

“ಹಾಗಾದ್ರೆ ಹಾಲ್?”

“ಕ್ಯಾನ್ಸಲ್.”

“ಬಡಿಸುವವರು?”

“ಕ್ಯಾನ್ಸಲ್.”

“ಅಮ್ಮನಿಗೆ ಯಾರು ಹೇಳೋದು?”

“ನಾನೇ ಹೇಳ್ತೇನೆ. ಬೈಸಿಕೊಂಡು ಅಭ್ಯಾಸ ಉಂಟು.”

ಅವನು ಪರ್ಸಿನಿಂದ ಮಡಚಿ ಮಡಚಿ ಸವೆದ ಒಂದು ಕಾಗದ ತೆಗೆದು ಅವಳ ಅಂಗೈಯಲ್ಲಿಟ್ಟ. ಪಂಚಾಯತಿನ ಮೊಹರು, ಹದಿನೆಂಟರ ಮೀಸೆಯಿಲ್ಲದ ಫೋಟೋ, ‘ಸದರಿಯವರು ಅವಿವಾಹಿತರು’ ಎಂಬ ಒಕ್ಕಣೆ. ಅವಳೇ ಹೇಳಿ ಮಾಡಿಸಿದ್ದರ ಝೆರಾಕ್ಸ್.

“ಇದು ನಿನ್ನ ಹತ್ರ ಇರ್ಲಿ. ಪಟ್ಟಿ ಬಂದ ದಿನ ಹರಿದು ಹಾಕುವ.”

ಅವಳ ಕಣ್ಣು ತುಂಬಿತು.

“ಎಷ್ಟು ತಿಂಗಳು ಆಗ್ಬಹುದು?” ಎಂದ.

“ಗೊತ್ತಿಲ್ಲ. ನಾನು ಯಾವುದಕ್ಕೂ ಗ್ಯಾರಂಟಿ ಕೊಡೋದು ಬಿಟ್ಟಿದ್ದೇನೆ.”

“ಒಂದಕ್ಕಾದ್ರೂ ಕೊಡು ಮಾರಾಯ್ತಿ… ಹೆದರಿಕೆ ಆಗ್ತದೆ.”

ಸುರಕ್ಷಾ ಕಂಪ್ಯೂಟರಿನಲ್ಲಿ ಆಮಂತ್ರಣದ ತಾರೀಕನ್ನು ಅಳಿಸಿದಳು. ಹೆಸರುಗಳನ್ನು ಹಾಗೆಯೇ ಬಿಟ್ಟಳು. ಆಮೇಲೆ, ಯಾವ ಚೀಟಿಯನ್ನೂ ನೋಡದೆ, ಅವನ ಕಣ್ಣನ್ನೇ ನೋಡುತ್ತ ಹೇಳಿದಳು.

“ಹೆದರ್ಬೇಡ. ನಾನುಂಟು.”