ಸದ್ದಿಲ್ಲದ ಡಿಸ್ಕ್

ಊರೂರು ತಿರುಗಿ ರೆಕಾರ್ಡ್ ಮಾಡಿದ ಜನಪದ ಹಾಡುಗಳಲ್ಲೆಲ್ಲ ನನ್ನ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಗುರ್ರೆನ್ನುತ್ತಿತ್ತು. ಶಿಕಾರಿಪುರದ ರಿಪೇರಿ ಅಂಗಡಿಯ ರಾಜಕುಮಾರ್, "ಹಳೇ ಡಿಸ್ಕ್ ತಿರುಗೋ ಸದ್ದು ರೀ ಇದು. ತಿರುಗದೇ ಇರೋ ಎಸ್‌ಎಸ್‌ಡಿ ಹಾಕ್ತೀನಿ, ಸದ್ದೇ ಇರಲ್ಲ" ಎಂದು ಹಾಕಿಕೊಟ್ಟರು.

ಮರುದಿನ ಸೊರಬದಲ್ಲಿ ದುರ್ಗಮ್ಮಜ್ಜಿಯ ಸೋಬಾನೆ ಪದ ರೆಕಾರ್ಡ್ ಮಾಡಿದೆ. ಒಬ್ಬರು ಹಾಡಿದ ಸಾಲನ್ನು ಇನ್ನೊಬ್ಬರು ತಿರುಗಿ ಹಾಡಬೇಕು. ಆ ಪದ ಗೊತ್ತಿದ್ದವರು ಇಬ್ಬರೇ. ಜೊತೆಗಾತಿ ಕೆರಿಯಮ್ಮ ಹೋದ ವರ್ಷ ತೀರಿಕೊಂಡಿದ್ದರೂ ಅಜ್ಜಿ ಪ್ರತಿ ಸಾಲಿಗೂ ಅವಳಿಗಾಗಿ ಕಾದರು. ಕೊನೆಯ ಸಾಲು ನೆನಪಾಗದೆ ಅತ್ತುಬಿಟ್ಟರು.

ಅಲ್ಲೇ, ಹಾಡುಹಗಲಲ್ಲಿ ಆ ರೆಕಾರ್ಡಿಂಗನ್ನು ಅಜ್ಜಿಗೆ ಕೇಳಿಸಿದೆ. ಅಜ್ಜಿ ಕಾದ ಕಡೆಯಲ್ಲೆಲ್ಲ ಮೊದಲು ಉಸಿರು, ಆಮೇಲೆ ಬಳೆ ಸದ್ದು, ಆಮೇಲೆ ಸಾಲನ್ನು ತಿರುಗಿ ಹಾಡುವ ಇನ್ನೊಂದು ದನಿ; ಕೊನೆಯ ಸಾಲನ್ನು ಆ ದನಿ ಒಂದೇ ಹಾಡಿತು. ತೊಡೆಯ ಮೇಲಿದ್ದ ಲ್ಯಾಪ್‌ಟಾಪ್ ನೀರಿನ ಕೊಡದಂತೆ ತಣ್ಣಗಾಗಿತ್ತು.

"ಬಂದ್ಯೇನೇ ಕೆರಿಯಮ್ಮಾ, ಪುಣ್ಯ ಬರ್ಲಿ ನಿಂಗೆ" ಎಂದು ಅಜ್ಜಿ ಕೈಮುಗಿದರು. ನಾನೂ ಮುಗಿದೆ.

ಅಜ್ಜಿಗೆ ಮರೆತ ಆ ಸಾಲು ಈಗ ನನ್ನ ಡಿಸ್ಕಿನಲ್ಲಿದೆ, ಕೆರಿಯಮ್ಮನ ಒಂದೇ ದನಿಯಲ್ಲಿ.