ಲಾರಿ ಆಫೀಸಿನ ಅಕ್ಕ ಹಾಕಿಕೊಟ್ಟ ದಾರಿ

"ಈ ದಾರೀಲಿ ಹೋದ್ರೆ ಒಂಬತ್ತನೇ ದಿನ ನೀವು ಸಾಯ್ತೀರ!"

ಮಾತು ಬಾಯಿಂದ ಜಾರಿದ ಮೇಲೆಯೇ ಅವಳಿಗೆ ಅರಿವಾದದ್ದು... ಎದುರಿಗಿದ್ದವನ ಗುರುತು ಪರಿಚಯ ಏನೂ ತನಗಿಲ್ಲ!

ಲಾರಿ ಆಫೀಸಿನ ಮೇಜಿನ ಮೇಲಿನ ಮೂರು ಫೋನುಗಳೂ ಅಪರೂಪಕ್ಕೆ ಸುಮ್ಮನಿದ್ದವು.

ಕೌಂಟರಿನ ಆಚೆ ನಿಂತಿದ್ದವನು ಪೇಟೆಬೀದಿಯ ಕನ್ನಡಕದಂಗಡಿಯವನು. ಫ್ರೇಮುಗಳ ಪೆಟ್ಟಿಗೆಯೊಂದನ್ನು ಲಾರಿಗೆ ಹಾಕಲು ಬಂದಿದ್ದ. ಗೋಡೆಯ ತುಂಬ ಅಂಟಿಸಿದ್ದ ದೇಶದ ನಕ್ಷೆ ಕಂಡದ್ದೇ ತಡ, ಜೇಬಿನಿಂದ ತನ್ನದೊಂದು ನಕ್ಷೆ ತೆಗೆದು ಹೋಲಿಸತೊಡಗಿದ್ದ. ಪಶ್ಚಿಮದ ಈ ಬಂದರಿನಿಂದ ಪೂರ್ವದ ಗಡಿಯವರೆಗೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ. ಪಕ್ಕದಲ್ಲಿ ಒಂದೇ ಪದ: ಸೈಕಲ್.

"ಒಂಬತ್ತನೇ ದಿನವೇ ಯಾಕೆ? ಎಂಟನೇ ದಿನ ಆಗಲ್ವಾ?" ಅವನ ಕಣ್ಣಲ್ಲಿ ತುಂಟತನ.

"ತಮಾಷೆ ಅಲ್ಲ! ಇಲ್ಲಿ ಉಪ್ಪಿನ ಬಯಲಿದೆ. ನೂರಾ ನಲವತ್ತು ಕಿಲೋಮೀಟರ್. ಒಂದು ಹನಿ ನೀರಿಲ್ಲ, ಒಂದು ಮರ ಇಲ್ಲ. ಲಾರಿಯವರೇ ಬಿಸಿಲೇರೋ ಮೊದಲು ದಾಟಿಬಿಡ್ತಾರೆ."

"ನೀವು ನೋಡಿದ್ದೀರಾ ಅದನ್ನ?"

ಅವನ ಕಣ್ಣುಗಳಲ್ಲಿ ಈಗ ತುಂಟತನ ಇರಲಿಲ್ಲ, ಬೆರಗಿತ್ತು. ಯಾರೂ ಯಾವತ್ತೂ ಅವಳನ್ನು ಹಾಗೆ ನೋಡಿರಲಿಲ್ಲ.

"ನೋಡದೇ ಹೇಳ್ತೀನಾ?"

ಅದು ಶುದ್ಧ ಸುಳ್ಳು!

ಹನ್ನೊಂದು ವರ್ಷಗಳಿಂದ ಅವಳು ಆ ಕುರ್ಚಿಯಲ್ಲಿ ಕೂತು ಅರವತ್ತು ಲಾರಿಗಳನ್ನು ದೇಶದ ಮೂಲೆಮೂಲೆಗೆ ಅಟ್ಟುತ್ತಿದ್ದಳು. ಎಲ್ಲಿ ಸೇತುವೆ ಕುಸಿದಿದೆ, ಎಲ್ಲಿ ಮಂಜು ಕವಿದಿದೆ, ಎಲ್ಲವೂ ಅವಳ ನಾಲಗೆಯ ತುದಿಯಲ್ಲಿ. ತಂದೆಯ ವಯಸ್ಸಿನ ಡ್ರೈವರುಗಳೂ ಅವಳನ್ನು "ಅಕ್ಕ" ಎಂದೇ ಕರೆಯುತ್ತಿದ್ದರು. ಆದರೆ ಅಕ್ಕನಿಗೆ ಗೊತ್ತಿದ್ದದ್ದೆಲ್ಲ ಫೋನಿನಲ್ಲಿ ಕೇಳಿದ್ದು. ಅವಳು ಈ ಊರು ಬಿಟ್ಟು ಆಚೆ ಕಾಲಿಟ್ಟವಳೇ ಅಲ್ಲ.

"ಹಾಗಾದ್ರೆ ನೀವೇ ದಾರಿ ಹಾಕಿಕೊಡಿ," ಅವನು ನಕ್ಷೆಯನ್ನು ಅವಳ ಕಡೆ ತಳ್ಳಿದ. "ನಾನು ದಿನವಿಡೀ ಒಂದು ಕತ್ತಲೆ ಕೋಣೇಲಿ ನಿಂತು ಜನರಿಗೆ ಅಕ್ಷರ ಓದಿಸ್ತೀನಿ. ಗೋಡೆ ಆರು ಮೀಟರ್ ದೂರ. ವಯಸ್ಸು ಮೂವತ್ತನಾಲ್ಕಾಯ್ತು... ಅದಕ್ಕಿಂತ ದೂರ ಏನಿದೆ ಅಂತ ಒಂದ್ಸಲ ನೋಡ್ಬೇಕು."

ಅಯ್ಯೋ, ಇದು ನನ್ನ ಮಾತಲ್ಲವೇ! ನನ್ನ ಎದೆಯೊಳಗಿದ್ದದ್ದು ಇವನ ಬಾಯಿಗೆ ಹೇಗೆ ಬಂತು?

"ನಾಳೆ ಊಟದ ಹೊತ್ತಿಗೆ ಬನ್ನಿ," ಎಂದಳು ಅವಳು. "ಬಣ್ಣದ ಪೆನ್ಸಿಲ್ ತನ್ನಿ."

ಮಾರನೇ ದಿನದಿಂದ ಊಟದ ಹೊತ್ತಿನಲ್ಲಿ ಆ ತಗಡಿನ ಮಾಡಿನ ಕೋಣೆ ಬೇರೆಯೇ ಆಯಿತು. ಅವಳ ಡಬ್ಬಿ ಒಂದು ಕಡೆ, ಅವನ ಡಬ್ಬಿ ಒಂದು ಕಡೆ, ನಡುವೆ ಇಡೀ ದೇಶ.

ನೀರಿರುವಲ್ಲಿ ನೀಲಿ, ತಂಗಲು ಜಾಗವಿರುವಲ್ಲಿ ಹಸಿರು.

"ಏರು ಎಷ್ಟಿದೆ ಅಂತ ಹೇಗೆ ತಿಳಿಯೋದು?" ಅವನು ಕೇಳಿದ.

"ಲಾರಿ ಗೇರಿನ ಲೆಕ್ಕ. ಡ್ರೈವರ್ ಮೂರನೇ ಗೇರಿಗೆ ಇಳಿದ ಅಂದ್ರೆ ನೀವು ಸೀಟಿಂದ ಎದ್ದು ನಿಂತು ತುಳೀಬಹುದು. ಎರಡನೇ ಗೇರ್ ಅಂದ್ರೆ ಇಳಿದು ತಳ್ಳಬೇಕು."

"ಒಂದನೇ ಗೇರ್ ಅಂದ್ರೆ?"

"ಸುತ್ತು ಹಾಕ್ಕೊಂಡು ಹೋಗಬೇಕು. ಜಂಭ ಕೊಚ್ಚಿಕೊಳ್ಳೋ ಜಾಗ ಅಲ್ಲ ಅದು!"

ಅವನು ನಕ್ಕ. ಅವಳ ಕಿವಿ ಕೆಂಪಾಯಿತು.

ಉಪ್ಪಿನ ಬಯಲನ್ನು ಬಳಸಿ ನದಿಯ ದಂಡೆ ಹಿಡಿದರೆ ನಾಲ್ಕು ದಿನ ಹೆಚ್ಚು, ಆದರೆ ಪ್ರಾಣಕ್ಕೆ ಭಯವಿಲ್ಲ. ಒಟ್ಟು ನಲವತ್ತೊಂದು ದಿನ. ಕಡಲಗಾಳಿ ಇನ್ನು ಎರಡೂವರೆ ತಿಂಗಳು ಬೆನ್ನಿಗಿರುತ್ತದೆ. ತಿಂಗಳೊಳಗೆ ಹೊರಡದಿದ್ದರೆ ಗಾಳಿ ತಿರುಗಿ ಎದೆಗೆ ಹೊಡೆಯುತ್ತದೆ, ಮತ್ತೆ ಒಂದು ವರ್ಷ ಕಾಯಬೇಕು.

ಆದರೆ ಅವನು ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ. ಈ ತಿರುವಿನಲ್ಲಿ ಬೆಳಿಗ್ಗೆ ಬೆಳಕು ಯಾವ ಕಡೆಯಿಂದ ಬೀಳುತ್ತೆ? ಇಲ್ಲಿ ಹಕ್ಕಿಗಳಿವೆಯಾ?

ಅವಳಿಗೇನು ಗೊತ್ತು! ಅವನು ಹೋದ ಮೇಲೆ ಫೋನೆತ್ತಿ ಡ್ರೈವರುಗಳನ್ನು ಕೇಳತೊಡಗಿದಳು.

ಎಲ್ಲರಿಗಿಂತ ಹಿರಿಯ ಡ್ರೈವರು ಮೀಸೆ ಮಾಮ. ಪಂಕ್ಚರು, ಡೀಸೆಲ್ಲು ಬಿಟ್ಟು ಮೂರನೇ ಮಾತಾಡದ ಮನುಷ್ಯ. ಅವನು ಫೋನಿನಲ್ಲಿ ದನಿ ತಗ್ಗಿಸಿದ.

"ಬೆಟ್ಟದ ಮೇಲೆ ಒಂದು ತಿರುವಿದೆ ಅಕ್ಕ. ಬೆಳಿಗ್ಗೆ ಆರಕ್ಕೆ ಹೋದ್ರೆ ಮೋಡ ಕೆಳಗಿರುತ್ತೆ, ನಾವು ಮೇಲಿರ್ತೀವಿ. ಹಾಲಿನ ಕಡಲು ಇದ್ದಂಗೆ... ನಾನು ಇಪ್ಪತ್ತಾರು ವರ್ಷದಿಂದ ನೋಡ್ತಾ ಇದೀನಿ. ಯಾರಿಗೂ ಹೇಳಿಲ್ಲ."

"ಯಾಕೆ ಮಾಮ?"

"ಯಾರೂ ಕೇಳೇ ಇಲ್ವಲ್ಲ!"

ಒಬ್ಬ ಡ್ರೈವರು ಕೆರೆಯಿಂದ ಒಮ್ಮೆಲೇ ಏಳುವ ಸಾವಿರ ಕೊಕ್ಕರೆಗಳನ್ನು ಹೇಳಿದ. ಇನ್ನೊಬ್ಬ, ಮಳೆ ಬಂದ ಮಾರನೇ ದಿನ ಕೆಂಪು ಬಂಡೆಗಳೆಲ್ಲ ನೇರಳೆಯಾಗುವುದನ್ನು. ಹನ್ನೊಂದು ವರ್ಷ ಈ ದನಿಗಳನ್ನು ಕೇಳಿದ್ದೆ. ಇವರೆಲ್ಲ ಎದೆಯಲ್ಲಿ ಇಷ್ಟನ್ನು ಹೊತ್ತುಕೊಂಡು ಓಡಾಡುತ್ತಿದ್ದರೇ!

ಮರುದಿನ ಅದನ್ನೆಲ್ಲ ತಾನೇ ಕಂಡವಳಂತೆ ಹೇಳುತ್ತಿದ್ದಳು. ಅವನು ಊಟ ಮರೆತು ಕೇಳುತ್ತಿದ್ದ. ಹೇಳಿಬಿಡಬೇಕು, ಇವತ್ತು ನಿಜ ಹೇಳಿಬಿಡಬೇಕು... ದಿನವೂ ಅಂದುಕೊಳ್ಳುವಳು. ಅವನ ಮುಖ ಕಂಡರೆ ಬಾಯಿಗೆ ಬೀಗ ಬೀಳುತ್ತಿತ್ತು.

ಮೂರನೇ ವಾರ. ಲೋಡಿನ ಚೀಟಿ ಒಯ್ಯಲು ಮೀಸೆ ಮಾಮ ಒಳಬಂದ.

"ಬನ್ನಿ," ಕನ್ನಡಕದಂಗಡಿಯವನು ಸಂಭ್ರಮದಿಂದ ಕರೆದ. "ಆ ಮೋಡದ ತಿರುವಲ್ಲಿ ನಿಂತು ನೋಡಿದ್ದನ್ನ ನಿಮ್ಮ ಅಕ್ಕ ಎಷ್ಟು ಚೆನ್ನಾಗಿ ಹೇಳಿದ್ರು ಗೊತ್ತಾ?"

"ಯಾರು, ಅಕ್ಕನಾ?" ಮಾಮ ಹೊಟ್ಟೆ ಹಿಡಿದು ನಕ್ಕ. "ಸ್ವಾಮಿ, ನಮ್ಮಕ್ಕ ಬಸ್ ಹತ್ತಿದ್ರೆ ಮೊದಲನೇ ಸ್ಟಾಪಲ್ಲೇ ವಾಂತಿ! ಕಾರಿನ ವಾಸನೇನೂ ಆಗಲ್ಲ. ದಿನಾ ಸೈಕಲ್ ತುಳ್ಕೊಂಡು ಬರ್ತಾಳೆ. ಊರಾಚೆ ನೋಡಿದೋಳೇ ಅಲ್ಲ!"

ನಗು ಕೋಣೆಯಲ್ಲಿ ಒಂಟಿಯಾಗಿ ಉಳಿಯಿತು. ಮಾಮ ಇಬ್ಬರ ಮುಖ ನೋಡಿದ, ಮೀಸೆ ಸವರಿಕೊಂಡು ಮೆಲ್ಲನೆ ಹೊರಗೆ ಜಾರಿದ.

"ನಿಜಾನಾ?" ಅವನ ದನಿ ತಣ್ಣಗಿತ್ತು.

ಅವಳು ತಲೆ ತಗ್ಗಿಸಿದಳು.

"ನನ್ನ ಪ್ರಾಣಾನ ನಿಮ್ಮ ಮಾತಿನ ಮೇಲೆ ಇಟ್ಟಿದ್ದೆ."

"ದಾರಿ ಸುಳ್ಳಲ್ಲ... ನಾನು ಹೋಗಿದ್ದೀನಿ ಅಂದಿದ್ದು ಮಾತ್ರ..."

ಅವನು ನಕ್ಷೆ ಸುತ್ತಿಕೊಂಡು ಹೊರಟುಹೋದ.

ಒಂದು ದಿನ, ಎರಡು ದಿನ, ನಾಲ್ಕು ದಿನ... ಊಟದ ಡಬ್ಬಿ ತೆರೆಯದೆ ಮನೆಗೆ ಮರಳತೊಡಗಿತು. ಕನ್ನಡಕದಂಗಡಿಯ ಮುಂದೆ ಸೈಕಲ್ ನಿಲ್ಲಿಸಿದರೆ ಬಾಗಿಲಿಗೆ ಬೀಗ. ಹೊರಟೇಹೋದನೇ? ಕೋಪದಲ್ಲಿ ಆ ಕೆಂಪು ಗೆರೆಯನ್ನೇ ಹಿಡಿದುಬಿಟ್ಟರೆ?

"ಯಾರು ಅವನು?" ಅಮ್ಮ ತುಂಬಿದ ಡಬ್ಬಿ ಬಿಚ್ಚುತ್ತಾ ಕೇಳಿದಳು.

"ಯಾರೂ ಇಲ್ಲ."

"ಯಾರೂ ಇಲ್ಲದವನಿಗೋಸ್ಕರ ನಾಲ್ಕು ದಿನ ಉಪವಾಸ ಯಾರಾದ್ರೂ ಮಾಡ್ತಾರಾ?"

ಅವಳು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು.

ಏಳನೇ ದಿನ ಮಧ್ಯಾಹ್ನ. ಗೇಟಿನಲ್ಲಿ ಸೈಕಲ್ ಬಂದು ನಿಂತಿತು. ಚಕ್ರದ ತುಂಬ ಕೆಂಪು ಧೂಳು. ಬಿಸಿಲಿಗೆ ಸುಟ್ಟ ಮುಖ, ಸಿಪ್ಪೆ ಎದ್ದ ಮೂಗು.

ಅವಳ ಕೈಯಲ್ಲಿದ್ದ ಫೋನಿನಲ್ಲಿ ಯಾರೋ "ಹಲೋ ಅಕ್ಕ, ಹಲೋ" ಎನ್ನುತ್ತಲೇ ಇದ್ದರು. ಅವಳು ಅದನ್ನು ಕೆಳಗಿಟ್ಟಳು.

"ಬೆಟ್ಟದ ತನಕ ಹೋಗಿದ್ದೆ," ಎಂದ ಅವನು. "ನೀವು ಬರೆದ ಮೊದಲ ಮೂರು ದಿನದ ದಾರಿ. ಸುಳ್ಳು ಹೇಳ್ಬಾರದು, ಸಿಟ್ಟಲ್ಲೇ ಹೋದೆ. ತಪ್ಪು ಹುಡುಕೋಕೆ."

"ಸಿಕ್ತಾ?" ಎಂದಳು ಅವಳು.

"ಇಲ್ಲ! ಬಾವಿ ಅಂದ ಕಡೆ ಬಾವಿ, ನೆರಳು ಅಂದ ಕಡೆ ನೆರಳು. ಎರಡನೇ ಗೇರಿನ ಏರು ಅಂತ ಬರೆದಿದ್ರಲ್ಲ, ಸರಿಯಾಗಿ ಅಲ್ಲೇ ಇಳಿದು ತಳ್ಳಿದೆ. ಮೋಡ ಕೆಳಗಿತ್ತು. ನಾನು ಮೇಲಿದ್ದೆ." ಅವನು ಉಸಿರು ಎಳೆದುಕೊಂಡ. "ಕಣ್ಣಿದ್ದವರಿಗೆ ಕಾಣಿಸೋ ಹಾಗೆ ಮಾಡೋದು ನನ್ನ ಕಸುಬು. ನೀವು ನೋಡದೇ ಇಷ್ಟು ಕಂಡಿದ್ದೀರಲ್ಲ... ಅಲ್ಲಿ ನಿಂತಾಗ ನನಗೆ ಬೆಟ್ಟಕ್ಕಿಂತ ನೀವೇ ದೊಡ್ಡದಾಗಿ ಕಂಡ್ರಿ."

ಅವಳ ಕಣ್ಣು ತುಂಬಿ ಬಂತು.

"ಒಂದು ಮಾತ್ರ ನೀವು ಬರೆದಿರಲಿಲ್ಲ. ಆ ತಿರುವಲ್ಲಿ ರಸ್ತೆ ಕೆಳಗೆ ಬಂಡೆಯೊಳಗೆ ನೀರು ಹರಿಯೋ ಸದ್ದು ಕೇಳುತ್ತೆ. ಲಾರಿ ಇಂಜಿನ್ ಗದ್ದಲದಲ್ಲಿ ಯಾವ ಡ್ರೈವರಿಗೂ ಕೇಳಿಸಿಲ್ಲ. ಅದನ್ನ ಕೇಳಿದ ತಕ್ಷಣ... ಒಬ್ಬನೇ ಕೇಳೋಕಾಗಲಿಲ್ಲ. ತಿರುಗಿ ಬಂದೆ."

"ನನಗೆ ಬಸ್ಸು, ಕಾರು..."

"ನಾನು ಬಸ್ಸು ತಂದಿಲ್ಲವಲ್ಲ." ಅವನು ಗೋಡೆಗೆ ಒರಗಿದ್ದ ಅವಳ ಹಳೇ ಸೈಕಲ್ಲಿನ ಕಡೆ ಕೈ ತೋರಿಸಿದ. "ಹನ್ನೊಂದು ವರ್ಷದಿಂದ ದಿನಾ ತುಳೀತಾ ಇದ್ದೀರಿ. ಅದರ ಮೇಲೆ ಒಂದು ದಿನವಾದ್ರೂ ವಾಂತಿ ಬಂದಿದೆಯಾ?"

ಅವಳು ತನ್ನ ಸೈಕಲ್ಲನ್ನು ಮೊದಲ ಸಲ ಕಂಡವಳಂತೆ ನೋಡಿದಳು. ಇಷ್ಟು ವರ್ಷ ಇದು ಕಣ್ಣೆದುರೇ ಇತ್ತು! ಆಫೀಸಿನ ಗೇಟಿಗೆ ಬರುವ ರಸ್ತೆಯೇ ಮುಂದೆ ಬೆಟ್ಟಕ್ಕೂ ಹೋಗುತ್ತದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲವೇ!

"ನನ್ನ ಜೊತೆ ಬರ್ತೀರಾ? ನಲವತ್ತೊಂದು ದಿನಕ್ಕೆ ಮಾತ್ರ ಅಲ್ಲ... ಆಮೇಲೂ?"

ಅವಳು ನಗುತ್ತಾ ಅಳುತ್ತಾ ತಲೆಯಾಡಿಸಿದಳು. ಹೊರಗೆ ಲಾರಿಯೊಂದು ಉದ್ದಕ್ಕೆ ಹಾರ್ನ್ ಬಾರಿಸಿತು. ಮೀಸೆ ಮಾಮನದೇ ಇರಬೇಕು ಆ ಕಿತಾಪತಿ ಎಂದುಕೊಂಡರೆ, ಮಾಮ ಕಿಟಕಿಯಾಚೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ!

ರಜೆ ಕೇಳಿದಾಗ ಲಾರಿ ಆಫೀಸಿನ ಯಜಮಾನರು ಕನ್ನಡಕ ಮೇಲೇರಿಸಿ, "ನೀನು ರಜೆ ಕೇಳೋದನ್ನ ನೋಡೋಕೆ ಬದುಕಿದ್ದೆನಲ್ಲ, ಸಾಕು," ಎಂದರು. ಅಮ್ಮ ಒಂದು ರಾತ್ರಿ ಯೋಚಿಸಿದಳು. ಬೆಳಿಗ್ಗೆ ಮಗಳ ಚೀಲಕ್ಕೆ ಎರಡು ಜೊತೆ ಉಣ್ಣೆಯ ಕಾಲುಚೀಲ ತುರುಕಿದಳು.

"ದಿನಾ ಸಂಜೆ ಫೋನ್ ಮಾಡು. ಗೆಳೆಯ ಅಂತ ಕರ್ಕೊಂಡು ಹೋಗು, ಅಳಿಯ ಅಂತ ಕರ್ಕೊಂಡು ಬಾ."

ಹೊರಟ ಮೂರನೇ ದಿನ. ಮೋಡದ ತಿರುವು ದಾಟಿ, ಸೈಕಲ್ ತಳ್ಳಿಕೊಂಡು ಇಬ್ಬರೂ ಬೆಟ್ಟದ ನೆತ್ತಿ ತಲುಪಿದರು. ಮುಂದೆ ರಸ್ತೆ ಒಮ್ಮೆಲೇ ಕೆಳಗೆ ಬಿದ್ದಿತ್ತು.

ಅವಳು ನಿಂತುಬಿಟ್ಟಳು.

ಕಣ್ಣು ಹಾಯುವಷ್ಟೂ ದೂರ ನೆಲ. ಹೊಳೆಯುವ ನದಿ, ಹೊಲಗಳು, ಅದರಾಚೆ ಇನ್ನೂ ನೆಲ, ಅದರಾಚೆ ನೀಲಿ. ದೊಡ್ಡ ದೊಡ್ಡ ಮೋಡಗಳ ನೆರಳುಗಳು ಸದ್ದಿಲ್ಲದೆ ಪೂರ್ವಕ್ಕೆ ಸರಿಯುತ್ತಿದ್ದವು. ಇದನ್ನು ಯಾವ ಫೋನೂ ಹೇಳಿರಲಿಲ್ಲ. ಹೇಳಲು ಆಗುವಂಥದ್ದೂ ಆಗಿರಲಿಲ್ಲ. ಎಷ್ಟು ದೊಡ್ಡದು... ದೇವರೇ, ಎಷ್ಟು ದೊಡ್ಡದು!

ಅವಳು ಗೊತ್ತಿಲ್ಲದೆಯೇ ಅವನ ತೋಳು ಹಿಡಿದು ಜಗ್ಗಿದಳು.

"ನೋಡು! ಅಲ್ನೋಡು... ನೀನು ನೋಡ್ತಿದ್ದೀಯಾ?"

ಅವನು ಬಯಲನ್ನು ಬಿಟ್ಟು ಅವಳ ಕಡೆ ತಿರುಗಿದ.

"ಏನಂದ್ರಿ?"

"ನೋಡು ಅಂದೆ..." ಅವಳು ನಾಲಗೆ ಕಚ್ಚಿಕೊಂಡಳು. "ಅಯ್ಯೋ, ನೋಡಿ ಅನ್ನೋಕೆ ಹೋಗಿ..."

"ತಿದ್ದಬೇಡ," ಅವನು ಮೆಲ್ಲಗೆ ಹೇಳಿದ. "ಇನ್ನೊಂದ್ಸಲ ಹೇಳು."

ಅವಳ ಕೆನ್ನೆಯ ಮೇಲೆ ಗಾಳಿ, ಬಿಸಿಲು, ಕಣ್ಣೀರು ಎಲ್ಲವೂ ಒಟ್ಟಿಗಿದ್ದವು.

"ನೋಡು," ಎಂದಳು ಅವಳು.