ಡಬ್ಬಿಯೊಳಗಿನ ಕರಿ ಟಾರ್ಚು

ಬೆರಳುದ್ದದ ಟಾರ್ಚಿಗೆ ಅಂಗಡಿಯಲ್ಲಿ ಎರಡು ಕಾಫಿಯ ದುಡ್ಡು. ಒಳಗಿನ ಎರಡು ಸೆಲ್ಲಿಗೆ ಅರ್ಧ ಕಾಫಿ. ವಿಮಾನದ ಟಿಕೆಟ್ಟಿಗೆ ಲಿಫ್ಟ್ ರಿಪೇರಿ ಮಾಡುವವನ ಎರಡು ತಿಂಗಳ ಸಂಬಳ.

ನನ್ನ ಎರಡು ಹಲ್ಲಿಗೆ ಎಷ್ಟು ಅಂತ ಗೊತ್ತಿಲ್ಲ. ಅವು ಆಗಷ್ಟೇ ನೆಲಕ್ಕೆ ಬಿದ್ದಿದ್ದವು.

ಎದೆಯ ಮೇಲೆ ಒಂದು ಮೊಣಕಾಲು ಕೂತಿತ್ತು. ಉಸಿರು ಹೊರಗೆ ಹೋಗುತ್ತಿತ್ತು, ಒಳಗೆ ಬರುತ್ತಿರಲಿಲ್ಲ!

"ಆ ಕರಿ ಟಾರ್ಚು ಎಲ್ಲೋ?"

"ಹುಡುಕ್ಕೋ... ಇನ್ನೂರು ಬಿದ್ದಿದಾವೆ!"

ಇನ್ನೊಂದು ಏಟು ಬಿತ್ತು.

ಅವನು ನಗುತ್ತಲೇ ಹೊಡೆಯುತ್ತಿದ್ದ. ಅದಕ್ಕೇ ಅವನಿಗೆ ನಗುಮುಖ ಎಂಬ ಹೆಸರು. ವಿಮಾನ ನಿಲ್ದಾಣದ ತಪಾಸಣೆ ಸಾಲಿನ ಸೂಪರ್‌ವೈಸರ್. ಒಂದು ಕಾಲದಲ್ಲಿ ನಾನೂ ಅವನ ಪಕ್ಕದಲ್ಲೇ ನಿಂತು ಟ್ರೇ ತಳ್ಳಿದವನು.

ಅಲ್ಲಿಗೆ ಹೇಗೆ ಬಂದೆ ಅಂತೀರಾ? ಒಂದು ಗಂಟೆ ಹಿಂದಿನಿಂದ ಹೇಳುತ್ತೇನೆ, ಕೇಳಿ.

ಕಳೆದುಹೋದ ಪೆಟ್ಟಿಗೆ ಹುಡುಕಿಕೊಡುವುದು ನನ್ನ ಕಸುಬು. ಕದ್ದದ್ದಾದರೆ ಕದ್ದವನನ್ನೂ ಹುಡುಕುತ್ತೇನೆ. ನಿಲ್ದಾಣದ ಯಾವ ಬಾಗಿಲಾದರೂ ತೆರೆಯುವ ಪಾಸು ಕೊರಳಲ್ಲಿರುತ್ತದೆ. ಬೆಳಿಗ್ಗೆ ಹತ್ತೂವರೆಗೆ ಅಕ್ಕನ ಫೋನು ಬಂತು.

"ಲೋ! ನಿಮ್ಮ ಭಾವನ್ನ ಅಲ್ಲೇ ಹಿಡ್ಕೊಂಡ್ಬಿಟ್ಟಿದಾರೆ ಕಣೋ! ಟಾರ್ಚಲ್ಲಿ ಚಿನ್ನ ಸಿಕ್ತಂತೆ!"

"ಭಾವನ ಹತ್ರ ಚಿನ್ನಾನಾ?"

"ಅದೇ ನಾನೂ ಹೇಳೋದು! ಮನೇಲಿರೋ ನನ್ನ ಎರಡು ಬಳೆ ಯಾವ ಡಬ್ಬೀಲಿದೆ ಅಂತ ಆ ಮನುಷ್ಯನಿಗೆ ಗೊತ್ತಿಲ್ಲ! ಹನ್ನೆರಡಕ್ಕೆ ಜೈಲಿಗೆ ಕರ್ಕೊಂಡು ಹೋಗ್ತಾರಂತೆ... ಏನಾದ್ರೂ ಮಾಡೋ!"

ಓಡಿದೆ.

ತಪಾಸಣೆಯ ಹಿಂದಿನ ಕೋಣೆ. ಕಿಟಕಿ ಇಲ್ಲ. ಬೇರೆಯವರ ಬೆವರಿನ ವಾಸನೆ. ಭಾವ ಬರಿಗಾಲಲ್ಲಿ ನಿಂತಿದ್ದರು, ಬೂಟು ಇನ್ನೂ ಟ್ರೇಯಲ್ಲೇ ಇತ್ತು. ಬೆಲ್ಟು ಬಿಚ್ಚಿಸಿದ್ದರಿಂದ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡಿದ್ದರು. ಇಪ್ಪತ್ತು ವರ್ಷ ನಲವತ್ತು ಮಹಡಿಯ ಲಿಫ್ಟುಗಳನ್ನು ಹಿಡಿದು ನಿಲ್ಲಿಸಿದ ಕೈ ಅದು!

ಮೇಜಿನ ಮೇಲೆ ಒಂದು ಪುಟ್ಟ ಕರಿ ಟಾರ್ಚು. ಪಕ್ಕದಲ್ಲಿ ಒಂದು ಸೆಲ್. ಅದರ ಪಕ್ಕದಲ್ಲಿ, ಸೆಲ್ಲಿನ ಕಾಗದ ಸುತ್ತಿದ ಚಿನ್ನದ ತುಂಡು.

"ನಂದಲ್ಲ ಸಾರ್," ಭಾವ ಎದುರಿಗಿದ್ದ ಪೊಲೀಸ್ ಇನ್ಸ್‌ಪೆಕ್ಟರಿಗೆ ಹೇಳುತ್ತಿದ್ದರು. "ನಂದೂ ಇಂಥದ್ದೇ. ಆದ್ರೆ ಪ್ರಯಾಣ ಹೊರಟಾಗ ಒಂದು ಸೆಲ್ ತಲೆಕೆಳಗೆ ಹಾಕಿರ್ತೀನಿ."

"ಯಾಕೆ?"

"ಜೇಬಲ್ಲಿ ತಾನಾಗೇ ಹತ್ಕೊಂಡ್ಬಿಡುತ್ತೆ ಸಾರ್. ಆಮೇಲೆ ಲಿಫ್ಟಿನ ಗುಂಡಿಗೆ ಇಳಿದಾಗ ಸೆಲ್ ಸತ್ತಿರುತ್ತೆ. ಮೇಲಿಂದ ಏನು ಬರ್ತಿದೆ ಅಂತ ಕಾಣದೇ ಇದ್ರೆ ನಾನೂ ಸತ್ತಿರ್ತೀನಿ. ನಮ್ಮ ಕೆಲಸದವರೆಲ್ಲ ಹಂಗೇ ಮಾಡೋದು."

ಬಾಗಿಲಿಗೆ ಒರಗಿದ್ದ ನಗುಮುಖ ಕಿಸಕ್ಕೆಂದ. "ಒಳ್ಳೇ ಕತೆ ಸಾರ್. ಬರ್ಕೊಳ್ಳಿ."

"ಬರ್ಕೊಂಡಿದೀನಿ," ಎಂದರು ಇನ್ಸ್‌ಪೆಕ್ಟರ್. "ಕ್ಯಾಮೆರಾ ನೋಡೋಣ ಅಂದ್ರೆ ರಿಪೇರಿಗೆ ಹೋಗಿದೆ ಅಂತೀಯ."

"ನಿನ್ನೆಯಿಂದ ಸಾರ್."

ಮೂಲೆಯಲ್ಲಿ ಹೊಸ ಸಮವಸ್ತ್ರದ ಹೆಂಗಸೊಬ್ಬರು ರಿಜಿಸ್ಟರ್ ಅಪ್ಪಿಕೊಂಡು ಕೂತಿದ್ದರು. ವಯಸ್ಸು ನಲವತ್ತೈದರ ಮೇಲೆ. ಹದಿನೆಂಟು ವರ್ಷ ಗ್ರಂಥಾಲಯದಲ್ಲಿದ್ದು, ಅದು ಮುಚ್ಚಿದ ಮೇಲೆ ಈ ಕೆಲಸಕ್ಕೆ ಸೇರಿ ಮೂರು ದಿನವಾಗಿತ್ತಂತೆ. ಟಾರ್ಚು ಬಿಚ್ಚಿದ್ದು ಅವರೇ.

"ಮೇಡಂ, ಇದು ನಿಮಗೆ ಎಲ್ಲಿ ಸಿಕ್ತು?" ಎಂದೆ.

"ಡಬ್ಬೀಲಿ. ಪ್ರಯಾಣಿಕರ ಹತ್ರ ಕಿತ್ಕೊಂಡ ಟಾರ್ಚೆಲ್ಲ ಹಾಕ್ತಾರಲ್ಲ, ಅದರಲ್ಲಿ. ಪಟ್ಟಿ ಮಾಡೋಣ ಅಂತ ಒಂದೊಂದೇ ಹೊತ್ತಿಸಿ ನೋಡ್ತಿದ್ದೆ. ಇದು ಹತ್ಲಿಲ್ಲ, ಬಿಚ್ಚಿದೆ."

"ಇವರ ಟ್ರೇಲಿ ಇರ್ಲಿಲ್ವಾ?"

"ನಾನು ನೋಡ್ಲಿಲ್ಲ. ಇವರ ಟ್ರೇದು ಅಂತ ಹೇಳಿದ್ದು ಸೂಪರ್‌ವೈಸರ್ ಸಾರು."

ಇನ್ಸ್‌ಪೆಕ್ಟರ್ ತಲೆಯೆತ್ತಿದರು. "ಇದನ್ನ ಯಾಕಮ್ಮಾ ಮೊದಲೇ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ ಸಾರ್. ಆದ್ರೆ ಬರ್ದಿದೀನಿ." ರಿಜಿಸ್ಟರ್ ತೆಗೆದು ಓದಿದರು. "ಕರಿ ಟಾರ್ಚು, ಡಬ್ಬಿಯಿಂದ. ಒಳಗೆ ಎರಡು ಸೆಲ್, ಎರಡರ ತಲೆಯೂ ಬಲ್ಬಿನ ಕಡೆಗೆ. ಒಂದು ವಿಪರೀತ ಭಾರ."

ಎರಡರ ತಲೆಯೂ ಬಲ್ಬಿನ ಕಡೆಗೆ!

ತಿರುಗಿ ನೋಡಿದೆ. ಬಾಗಿಲಲ್ಲಿ ನಗುಮುಖ ಇರಲಿಲ್ಲ.

"ಡಬ್ಬಿ!" ಎಂದು ಕೂಗಿ ಓಡಿದೆ.

ಅವನ ಆಟ ಓಡುತ್ತಲೇ ಅರ್ಥವಾಯಿತು. ಬೆರಳುದ್ದದ ಟಾರ್ಚನ್ನು ಪ್ರಯಾಣಿಕರಿಗೆ ಬಿಡಬೇಕು ಅಂತ ನಿಯಮದಲ್ಲೇ ಇದೆ. ನಗುಮುಖ ಬಿಡುತ್ತಿರಲಿಲ್ಲ. ನರ್ಸಿನದು, ಅಜ್ಜಿಯದು, ಮೆಕ್ಯಾನಿಕ್ಕಿನದು... ಎಲ್ಲ ಡಬ್ಬಿಗೆ! ಇನ್ನೂರು ಟಾರ್ಚಿನ ನಡುವೆ ಒಂದು ಟಾರ್ಚನ್ನು ಯಾರು ಗಮನಿಸುತ್ತಾರೆ? ಹೊರದೇಶದಿಂದ ಬಂದು ವಿಮಾನ ಬದಲಾಯಿಸುವವರೂ ಅದೇ ಸಾಲಿನಲ್ಲಿ ನಿಲ್ಲುತ್ತಾರೆ, ಅವರಿನ್ನೂ ಕಸ್ಟಮ್ಸ್ ದಾಟಿರುವುದಿಲ್ಲ. ಅವರಲ್ಲೊಬ್ಬ ಚಿನ್ನದ ಟಾರ್ಚನ್ನು "ತಗೊಳ್ಳಿ ಸಾರ್, ಪರವಾಗಿಲ್ಲ" ಅಂತ ಕೊಟ್ಟು ಹೋಗುತ್ತಾನೆ. ಹನ್ನೆರಡಕ್ಕೆ ಕಸದ ಲಾರಿ. ಲಾರಿಗೆ ಸುರಿಯುವ ಮುಂಚೆ ನಗುಮುಖ ತನ್ನದನ್ನು ಆರಿಸಿಕೊಳ್ಳುತ್ತಾನೆ.

ಈ ಸಲ ಗ್ರಂಥಾಲಯದ ಕೈ ಅದನ್ನು ಮೊದಲು ಆರಿಸಿತು. ಅದಕ್ಕೊಬ್ಬ ವಾರಸುದಾರ ಬೇಕಾಯಿತು. ಸಾಲಿನಲ್ಲಿ ಅಂಥದ್ದೇ ಕರಿ ಟಾರ್ಚಿನ ಒಬ್ಬ ಬಡಪಾಯಿ ಕಂಡ. ಅವನ ಟಾರ್ಚು ಡಬ್ಬಿಗೆ, ಚಿನ್ನದ್ದು ಅವನ ತಲೆಗೆ!

ಭಾವನ ಟಾರ್ಚನ್ನು ನಗುಮುಖ ಒತ್ತಿ ನೋಡಿರಬೇಕು. ಹತ್ತಿರಲಿಕ್ಕಿಲ್ಲ. ಕೆಟ್ಟಿದೆ ಅಂತ ಬಿಸಾಕಿದ. ಸಾವಿರ ಟಾರ್ಚು ಕಿತ್ತುಕೊಂಡವನು ಒಂದನ್ನೂ ಹಿಡಿದು ದುಡಿದಿರಲಿಲ್ಲ. ತಲೆಕೆಳಗಿನ ಸೆಲ್ ಅವನಿಗೆ ಹೇಗೆ ಹೊಳೆಯಬೇಕು?

ಸಾಮಾನಿನ ಬೆಲ್ಟುಗಳ ಅಂಗಳ. ಮೇಲೆ ಕೆಳಗೆ ಪೆಟ್ಟಿಗೆಗಳು ಹರಿಯುತ್ತಿದ್ದವು. ಆಚೆ ತುದಿಯಲ್ಲಿ ನಗುಮುಖ ತಳ್ಳುಗಾಡಿಯ ಮೇಲೆ ಡಬ್ಬಿ ಇಟ್ಟುಕೊಂಡು ಓಡುತ್ತಿದ್ದ. ಅವನಾಚೆ ಲಾರಿ, ಬಾಯಿ ತೆರೆದು ನಿಂತಿತ್ತು.

"ನಿಲ್ಲೋ!"

ನಿಲ್ಲಲಿಲ್ಲ.

ಸುತ್ತಿ ಹೋದರೆ ಸಿಗುವುದಿಲ್ಲ. ಬೆಲ್ಟಿನ ಮೇಲೆ ಹಾರಿದೆ. ಪೆಟ್ಟಿಗೆಗಳ ಮೇಲೆ ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಯಾರದೋ ಸೂಟ್‌ಕೇಸ್ ಹಿಡಿದು ಬೀಸಿದೆ. ಗಾಡಿಯ ಚಕ್ರಕ್ಕೇ ಬಡಿಯಿತು!

ಡಬ್ಬಿ ಮಗುಚಿತು. ಇನ್ನೂರು ಟಾರ್ಚು ನೆಲದ ತುಂಬ ಉರುಳಿದವು. ಬಿದ್ದ ಏಟಿಗೇ ಅರ್ಧದಷ್ಟು ಹೊತ್ತಿಕೊಂಡವು.

ಮುಂದಿನದು ನಿಮಗೆ ಗೊತ್ತು. ಮೊಣಕಾಲು. ಹಲ್ಲು.

"ಒಂಬತ್ತು ವರ್ಷದ ಹಿಂದೆ ನನ್ನ ಪಕ್ಕ ನಿಂತು ನೀನೂ ನೋಡಿದ್ಯಲ್ಲೋ," ನಗುತ್ತ ಮುಷ್ಟಿ ಎತ್ತಿದ. "ಆಗ ಬಾಯಿ ಮುಚ್ಕೊಂಡಿದ್ದೆ. ಈಗ್ಲೂ ಮುಚ್ಕೋ!"

"ಆಗ ಅದು ಬರೀ ಟಾರ್ಚಾಗಿತ್ತು."

"ಟಾರ್ಚಿಂದಾನೇ ಕಣೋ ಶುರುವಾಗೋದು!"

"ಕೈ ತೆಗಿ ಅವನ ಮೇಲಿಂದ!"

ಇನ್ಸ್‌ಪೆಕ್ಟರು. ಹಿಂದೆ ಇಬ್ಬರು ಪೇದೆಗಳು, ರಿಜಿಸ್ಟರ್ ಮೇಡಂ. ಅವರ ಹಿಂದೆ ಪ್ಯಾಂಟು ಹಿಡಿದುಕೊಂಡು ಭಾವ.

ಪೇದೆಗಳು ನಗುಮುಖನನ್ನು ಎಳೆದು ನಿಲ್ಲಿಸಿದರು. ನಾನು ಬಾಯಿಯ ರಕ್ತ ಉಗಿದು ಲಾರಿಯ ಚಕ್ರದ ಕಡೆ ಕೈ ತೋರಿಸಿದೆ.

"ಅಲ್ಲಿ. ಕರೀದು. ಮುಚ್ಚಳದ ಮೇಲೆ ಹಳದಿ ಬಣ್ಣದ ಚುಕ್ಕೆ ಇದೆ. ನೀವೇ ತಗೊಳ್ಳಿ, ಬೇರೆ ಯಾರೂ ಮುಟ್ಟೋದು ಬೇಡ."

ಇನ್ಸ್‌ಪೆಕ್ಟರ್ ಕರವಸ್ತ್ರದಲ್ಲಿ ಎತ್ತಿಕೊಂಡರು. ಒತ್ತಿದರು. ಹತ್ತಲಿಲ್ಲ. ಮುಚ್ಚಳ ತಿರುಗಿಸಿ ಸೆಲ್ಲುಗಳನ್ನು ಅಂಗೈಗೆ ಜಾರಿಸಿದರು. ಒಂದರ ತಲೆ ಬಲ್ಬಿನ ಕಡೆಗೆ. ಇನ್ನೊಂದರದು ಹಿಂದಕ್ಕೆ!

ಅದನ್ನು ತಿರುಗಿಸಿ ಹಾಕಿ ಒತ್ತಿದರು. ಬೆಳಕು ನೇರವಾಗಿ ನಗುಮುಖನ ಮುಖಕ್ಕೆ ಬಿತ್ತು. ಆಗಲೂ ನಗುತ್ತಿದ್ದ, ಹೇಸಿಗೆಯವನು.

"ಚುಕ್ಕೆ ಇರೋದು ಇವನಿಗೆ ಹೆಂಗೆ ಗೊತ್ತು ಕೇಳಿ ಸಾರ್! ಭಾವ ಭಾಮೈದ ಸೇರಿ ಆಡ್ತಿರೋ ನಾಟಕ ಇದು!"

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು. "ಹೇಳಿ. ಹೆಂಗೆ ಗೊತ್ತು?"

"ಭಾವನಿಗೆ ಕೊಟ್ಟಿದ್ದು ನಾನೇ."

"ಎಲ್ಲಿ ತಗೊಂಡ್ರಿ?"

ಸುಮ್ಮನೆ ಒಂದು ಅಂಗಡಿಯ ಹೆಸರು ಹೇಳಬಹುದಿತ್ತು. ನಾಳೆ ಆ ಅಂಗಡಿಯಲ್ಲಿ ವಿಚಾರಿಸುತ್ತಾರೆ. ಸುಳ್ಳು ಸಿಕ್ಕಿಬೀಳುತ್ತದೆ. ನನ್ನ ಜೊತೆ ಭಾವನ ಸತ್ಯವೂ ಬೀಳುತ್ತದೆ.

"ಇದೇ ಡಬ್ಬಿಯಿಂದ," ಎಂದೆ. "ಒಂಬತ್ತು ವರ್ಷದ ಹಿಂದೆ. ಪೇಂಟರ್ ಒಬ್ಬನ ಹತ್ರ ನಾನೇ ಕಿತ್ಕೊಂಡಿದ್ದೆ. ಚುಕ್ಕೆ ಅವನ ಬಣ್ಣದ್ದು. ಹಳೇ ರಿಜಿಸ್ಟರಲ್ಲಿ ನನ್ನ ಕೈಬರಹ ಇರುತ್ತೆ, ನೋಡಿ."

ಬೆಲ್ಟು ಗರಗರ ಅನ್ನುತ್ತಿತ್ತು. ನನ್ನ ಬಾಯಲ್ಲಿ ರಕ್ತದ ರುಚಿ ಇತ್ತು, ಅದಕ್ಕಿಂತ ಕೆಟ್ಟದ್ದೊಂದು ರುಚಿಯೂ ಇತ್ತು.

ಮೇಡಂ ಪೆನ್ನು ತೆಗೆದು ಬರೆದುಕೊಂಡರು.

ಭಾವ ಟಾರ್ಚನ್ನೇ ನೋಡುತ್ತ ನಿಂತರು. "ಅಂಗಡೀಲಿ ಆರಿಸಿ ಆರಿಸಿ ತಂದಿದೀನಿ ಭಾವ, ಅಂದಿದ್ದೆ ನೀನು."

"ಅಂದಿದ್ದೆ."

"ಹಳೇದು ಅಂತ ಹೇಳಿದ್ರೂ ಇಟ್ಕೋತಿದ್ನಲ್ಲೋ... ಕದ್ದಿದ್ದು ಅಂತ ಗೊತ್ತಿದ್ರೆ ಮಾತ್ರ ಲಿಫ್ಟಿನ ಗುಂಡೀಗೆ ತಗೊಂಡು ಇಳೀತಿರ್ಲಿಲ್ಲ."

ಅಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ನಗುಮುಖ ಪೊಲೀಸ್ ಜೀಪು ಹತ್ತಿದ. ಇನ್ಸ್‌ಪೆಕ್ಟರ್ ನನ್ನೆದುರು ಅಂಗೈ ಚಾಚಿದರು. ಪಾಸು ಬಿಚ್ಚಿ ಕೊಟ್ಟೆ. ಭಾವನ ವಿಮಾನ ಅವರಿಲ್ಲದೆಯೇ ಹಾರಿಹೋಗಿತ್ತು.

ಹೋಗಿದ್ದು ಎರಡು ಹಲ್ಲು, ಒಂದು ಪಾಸು, ಒಂದು ಟಿಕೆಟ್ಟು. ಉಳಿದದ್ದು ಅಕ್ಕನ ಗಂಡ.

ಮರುದಿನ ಅಂಗಡಿಗೆ ಹೋಗಿ ಕರಿ ಟಾರ್ಚು ಕೊಂಡೆ. ಭಾವ ಅದನ್ನು ತಿರುಗಿಸಿ ನೋಡಿದರು, ಬಿಲ್ಲು ಕೇಳಿದರು.

ಕೊಟ್ಟೆ. ಎರಡು ಬಾರಿ ಓದಿ, "ಈ ಸಲ ನಿಜ ಹೇಳಿದೀಯ, ನಂಗಿಷ್ಟು ಸಾಕು" ಎಂದು ಟಾರ್ಚನ್ನು ಅಲ್ಲೇ ಬಿಟ್ಟು, ಬಿಲ್ಲನ್ನು ಜೇಬಿಗಿಟ್ಟುಕೊಂಡರು.